ನೀರಿನಂಚಿನ ಹತ್ತಡಿ

ಮಕ್ಕಳೇ,

ಅಪ್ಪಂದಿರ ಕೈಯಿಂದ ಹೊಲ ನಿಮ್ಮ ಕೈಗೆ ಬರುತ್ತಿರುವ ಕಾಲ ಇದು. ನಿಮ್ಮಲ್ಲಿ ಕೆಲವರು ಹೊಸೂರಿನ ಕಾರ್ಖಾನೆಯಲ್ಲೋ ಬೆಂಗಳೂರಿನ ಕಂಪನಿಯಲ್ಲೋ ದುಡಿಯುತ್ತ, ಶನಿವಾರ ಭಾನುವಾರ ಊರಿಗೆ ಬಂದು ಬೆಳೆ ನೋಡಿಕೊಂಡು ಹೋಗುತ್ತೀರಿ. ಕೆಲವರು ಓದು ಮುಗಿಸಿ ಮಣ್ಣಿಗೇ ಮರಳಿದ್ದೀರಿ. ಇನ್ನು ಕೆಲವರು ಗುತ್ತಿಗೆಗೆ ಕೊಟ್ಟು ಫೋನಿನಲ್ಲೇ ಬೇಸಾಯ ವಿಚಾರಿಸುತ್ತೀರಿ. ಧರ್ಮಪುರಿ ಜಿಲ್ಲೆಯ ಪೆನ್ನಾಗರಂ, ಪಾಲಕ್ಕೋಡು, ಮಾರಂಡಹಳ್ಳಿ ಕಡೆಯವರಿರಲಿ, ಸೇಲಂ ಜಿಲ್ಲೆಯ ಮೇಚೇರಿ, ಓಮಲೂರು, ಆತ್ತೂರಿನವರಿರಲಿ, ನಿಮ್ಮ ಹೊಲದ ಆಸುಪಾಸಿನಲ್ಲಿ ಒಂದು ಕೆರೆಯೋ ಕುಂಟೆಯೋ ಕೃಷಿಹೊಂಡವೋ ಇದ್ದೇ ಇರುತ್ತದೆ. ಆ ನೀರಿನ ವಿಚಾರವಾಗಿ, ಈ ಮಣ್ಣಿನಲ್ಲೇ ಮುದುಕನಾದ ನಾನು ನಿಮಗೆ ಹೇಳಬೇಕಾದದ್ದು ಒಂದೇ ಮಾತು. ನೀರಿನ ಅಂಚಿನವರೆಗೂ ಉಳಬೇಡಿ, ಅಂಚಿನವರೆಗೂ ಔಷಧಿ ಹೊಡೆಯಬೇಡಿ. ಹತ್ತು ಅಡಿ ಬಿಡಿ.

ಬಿಟ್ಟ ಹತ್ತಡಿ ಯಾರಿಗೆ ಎಂದು ನೀವು ಕೇಳುತ್ತೀರಿ. ಮೊದಲು ಏರೋಪ್ಲೇನ್ ಚಿಟ್ಟೆಗಳಿಗೆ, ಅವುಗಳ ಮೂಲಕ ನಿಮಗೇ. ನಮ್ಮ ತಮಿಳು ನೆರೆಯವರು ತಟ್ಟಾನ್ ಎಂದು ಕರೆಯುವ ಹುಳು ಅದು. ಮೈ ಸ್ವಲ್ಪ ದಪ್ಪ, ತಲೆಯ ತುಂಬ ಕಣ್ಣು, ಕೂತಾಗಲೂ ರೆಕ್ಕೆ ಚಾಚಿಕೊಂಡೇ ಇರುತ್ತದೆ. ಅದರ ದಾಯಾದಿಯೊಂದಿದೆ, ಕಡ್ಡಿಗಿಂತ ತೆಳು; ಕೂತಾಗ ರೆಕ್ಕೆಗಳನ್ನು ಬೆನ್ನ ಮೇಲೆ ಮಡಿಸಿಕೊಳ್ಳುತ್ತದೆ, ಎರಡು ಕಣ್ಣುಗಳ ನಡುವೆ ಅಂತರವಿರುತ್ತದೆ. ತಮಿಳಿನಲ್ಲಿ ಅದು ಊಸಿತಟ್ಟಾನ್, ಇಂಗ್ಲಿಷಿನವರಿಗೆ ಡ್ಯಾಮ್ಸೆಲ್‌ಫ್ಲೈ. ನಾನು ಇಲ್ಲಿ ಸೂಜಿಚಿಟ್ಟೆ ಎನ್ನುತ್ತೇನೆ. ಇವೆರಡೂ ಹುಟ್ಟುವುದು ನೀರಿನಲ್ಲಿ, ಬೇಟೆಯಾಡುವುದು ಹೊಲದಲ್ಲಿ. ಹಾಗಾಗಿ ಹೊಲದಲ್ಲಿ ನೀವು ಮಾಡುವ ಪ್ರತಿಯೊಂದು ಕೆಲಸವೂ ಇವಕ್ಕೆ ಮುಟ್ಟುತ್ತದೆ.

ನಮ್ಮ ಕಡೆಯ ಕುಂಟೆಗಳಲ್ಲಿ ಏನಿದ್ದೀತು ಎಂದು ಹಗುರವಾಗಿ ನೋಡಬೇಡಿ. ಅರುಳ್‌ಪ್ರಕಾಶ್ ಮತ್ತು ಗುಣತಿಲಕರಾಜ್ ಎಂಬ ಇಬ್ಬರು ಕೀಟಶಾಸ್ತ್ರಜ್ಞರು ಕೊಯಮತ್ತೂರು ಮತ್ತು ಸೇಲಂ ಜಿಲ್ಲೆಗಳ ತಾತ್ಕಾಲಿಕ ನೀರಿನ ತಾಣಗಳನ್ನು ಹುಡುಕಿಕೊಂಡು ಹೋಗಿ ಎಣಿಸಿದರು. 2010ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ 13 ತಾಣಗಳಿಂದ 21 ಜಾತಿಗಳು ಸಿಕ್ಕಿವೆ. ಅವುಗಳಲ್ಲಿ 14 ಏರೋಪ್ಲೇನ್ ಚಿಟ್ಟೆಗಳು, 7 ಸೂಜಿಚಿಟ್ಟೆಗಳು. ತಾತ್ಕಾಲಿಕ ಎಂದರೆ ವರ್ಷವಿಡೀ ನಿಲ್ಲದ ನೀರು. ಮಳೆ ಬಂದಾಗ ತುಂಬಿ, ಬೇಸಿಗೆಗೆ ಬತ್ತಿ, ಯಾರ ಕಣ್ಣಿಗೂ ಬೀಳದೆ ಬಿದ್ದಿರುವ ಗುಂಡಿ ಹೊಂಡಗಳು. ಇಡೀ ಭಾರತದಲ್ಲಿ ಈ ಎರಡೂ ಬಗೆ ಸೇರಿ ಸುಮಾರು 500 ಜಾತಿಗಳಿವೆ. ನಾವು ಕುಂಟೆ ಎಂದು ತಿಪ್ಪೆ ಸುರಿಯುವ ಜಾಗಗಳೇ 21ಕ್ಕೆ ಆಶ್ರಯ ಕೊಟ್ಟಿವೆ ಎಂದರೆ, ಜೊಂಡು ಬೆಳೆದ ಒಳ್ಳೆಯ ಕೆರೆ ಇನ್ನೆಷ್ಟಕ್ಕೆ ಕೊಡಬಹುದು ಎಂಬುದನ್ನು ನೀವೇ ಯೋಚಿಸಿ.

ಇವು ಬದುಕುವ ರೀತಿಯನ್ನು ತಿಳಿದುಕೊಂಡರೆ ನಾನು ಅಂಚಿನ ಮಾತನ್ನೇಕೆ ಇಷ್ಟು ಒತ್ತಿ ಹೇಳುತ್ತೇನೆ ಎಂಬುದು ತಾನಾಗಿಯೇ ಅರ್ಥವಾಗುತ್ತದೆ. ರೆಕ್ಕೆ ಬಂದ ಮೇಲಿನ ಬದುಕು ಕೆಲವು ವಾರಗಳದ್ದು. ಅದಕ್ಕೆ ಮುಂಚಿನದೆಲ್ಲ ನೀರಿನೊಳಗೆ. ಮರಿಯ ಕೆಳದುಟಿ ಮಡಿಸಿದ ತೋಳಿನ ಹಾಗೆ ಮುಖದ ಕೆಳಗೆ ಅಡಗಿರುತ್ತದೆ. ಸೊಳ್ಳೆಯ ಮರಿ ಹತ್ತಿರ ಸುಳಿದರೆ ಅದು ಥಟ್ಟನೆ ಮುಂದಕ್ಕೆ ಚಿಮ್ಮಿ ಹಿಡಿದುಬಿಡುತ್ತದೆ. ಏರೋಪ್ಲೇನ್ ಚಿಟ್ಟೆಯ ಮರಿ ಹಿಂಬದಿಯಿಂದ ನೀರು ಎಳೆದುಕೊಂಡು ಉಸಿರಾಡುತ್ತದೆ. ಅದೇ ನೀರನ್ನು ರಭಸದಿಂದ ಹೊರಗೆ ತಳ್ಳಿ ಮುಂದಕ್ಕೆ ನುಗ್ಗುತ್ತದೆ. ಸೂಜಿಚಿಟ್ಟೆಯ ಮರಿಗೆ ಬಾಲದ ತುದಿಯಲ್ಲಿ ಎಲೆಯಂಥ ಮೂರು ಕಿವಿರುಗಳಿರುತ್ತವೆ. ಬೆಳೆದು ಮುಗಿದ ಮರಿ ಸಾಮಾನ್ಯವಾಗಿ ರಾತ್ರಿಯಲ್ಲೋ ನಸುಕಿನಲ್ಲೋ ಒಂದು ಜೊಂಡಿನ ಕಡ್ಡಿ ಹತ್ತಿ ನೀರಿನಿಂದ ಮೇಲೆ ಬಂದು, ಬೆನ್ನ ಮೇಲೆ ಪೊರೆ ಸೀಳಿ ಹೊರಬರುತ್ತದೆ. ರೆಕ್ಕೆ ಒಣಗಿ ಗಟ್ಟಿಯಾಗುವ ತನಕ ಹಾರಲಾರದು. ಆ ಕೆಲವು ಗಂಟೆ ಹಕ್ಕಿಗೂ ಇರುವೆಗೂ ಹಲ್ಲಿಗೂ ಸುಲಭದ ತುತ್ತು.

ಈಗ ಅಂಚು ಏನು ಮಾಡುತ್ತದೆ ನೋಡಿ. ಸೂಜಿಚಿಟ್ಟೆಯ ಹೆಣ್ಣು ಮೊಟ್ಟೆಯನ್ನು ನೀರಿಗೆ ಚೆಲ್ಲುವುದಿಲ್ಲ. ನೀರಿನ ಗಿಡದ ಕಾಂಡವನ್ನೋ ಎಲೆಯನ್ನೋ ಕೊರೆದು ಅದರೊಳಗೆ ಇಡುತ್ತದೆ. ಗಿಡವಿಲ್ಲದಿದ್ದರೆ ಮೊಟ್ಟೆಗೆ ಜಾಗವೇ ಇಲ್ಲ. ಮರಿ ಹತ್ತಿ ಬರಲು ಕಡ್ಡಿ ಬೇಕು. ಹೊಸ ರೆಕ್ಕೆ ಒಣಗಲು ಮರೆ ಬೇಕು. ರೆಕ್ಕೆ ಬಲಿತ ಮೇಲೂ ಸೂಜಿಚಿಟ್ಟೆ ದೂರ ಹಾರುವ ಜೀವವಲ್ಲ. ಗಾಳಿ ಬೀಸಿದರೆ ಹುಲ್ಲಿನ ಸಂದಿಯಲ್ಲಿ ಅಡಗುತ್ತದೆ, ಅಲ್ಲೇ ಸಣ್ಣ ಹುಳುಗಳನ್ನು ಹಿಡಿದು ತಿನ್ನುತ್ತದೆ, ರಾತ್ರಿ ಅಲ್ಲೇ ತಂಗುತ್ತದೆ. ಬೀದಿಗೂ ನಡುಮನೆಗೂ ಮಧ್ಯೆ ಜಗಲಿ ಇರುವ ಹಾಗೆ, ಹೊಲಕ್ಕೂ ನೀರಿಗೂ ಮಧ್ಯೆ ಈ ಹುಲ್ಲಿನ ಪಟ್ಟಿ. ಹೊಲದಿಂದ ಬಂದದ್ದೆಲ್ಲ ನೇರವಾಗಿ ನೀರಿಗೆ ನುಗ್ಗದಂತೆ ತಡೆಯುವುದೂ ಅದೇ. ಮಳೆಯಲ್ಲಿ ಕೊಚ್ಚಿ ಬರುವ ಮಣ್ಣು, ಗೊಬ್ಬರ, ಔಷಧಿಯಲ್ಲಿ ಒಂದು ಪಾಲು ಅಲ್ಲಿಯೇ ನಿಲ್ಲುತ್ತದೆ.

ಇವುಗಳಿಂದ ಹೊಲಕ್ಕೆ ಸಿಗುವ ಸಹಾಯವನ್ನು ಹೆಚ್ಚು ಮಾಡಿ ಹೇಳುವುದಿಲ್ಲ, ಕಡಿಮೆ ಮಾಡಿಯೂ ಹೇಳುವುದಿಲ್ಲ. ಏರೋಪ್ಲೇನ್ ಚಿಟ್ಟೆ ಹಾರುವ ಹುಳುವನ್ನು ಹಾರುತ್ತಲೇ ಹಿಡಿಯುತ್ತದೆ. ಬೇಟೆಗೆ ಹೊರಟರೆ 100ಕ್ಕೆ 90ಕ್ಕೂ ಹೆಚ್ಚು ಸಲ ಗುರಿ ತಪ್ಪುವುದಿಲ್ಲ ಎಂದು ಅಳೆದವರು ಹೇಳುತ್ತಾರೆ. ಆಗ್ರಿಯೊಕ್ನೆಮಿಸ್ ಎಂಬ ಕುಲದ ಸೂಜಿಚಿಟ್ಟೆಗಳು ಹೆಚ್ಚೆಂದರೆ ಒಂದು ಇಂಚು ಉದ್ದ. ಅವು ಭತ್ತದ ಪೈರಿನ ಬುಡದ ಮಟ್ಟದಲ್ಲೇ ಓಡಾಡಿ ಜಿಗಿಹುಳುಗಳನ್ನೂ ಸಣ್ಣ ಪತಂಗಗಳನ್ನೂ ತಿನ್ನುತ್ತವೆ. ಸೊಳ್ಳೆಯ ವಿಷಯದಲ್ಲಿ ಒಂದು ಒಳ್ಳೆಯ ಪ್ರಯೋಗವಿದೆ. ಬರ್ಮಾದ ಯಾಂಗೂನಿನಲ್ಲಿ ಮನೆಮನೆಯ ನೀರಿನ ತೊಟ್ಟಿಗಳಿಗೆ ಕ್ರೋಕೋಥೆಮಿಸ್ ಸರ್ವಿಲಿಯಾ ಎಂಬ ಕೆಂಪು ಏರೋಪ್ಲೇನ್ ಚಿಟ್ಟೆಯ ಮರಿಗಳನ್ನು ಬಿಟ್ಟರು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಗಣನೀಯವಾಗಿ ತಗ್ಗಿತು. ಆ ವರದಿ 1990ರಲ್ಲಿ ಪ್ರಕಟವಾಯಿತು. ಅದೇ ಕೆಂಪು ಚಿಟ್ಟೆ ನಮ್ಮ ಕೆರೆಗಳಲ್ಲೂ ಇದೆ. ಹಾಗೆಂದು ಹಿತ್ತಲಿನಲ್ಲಿ ಟೈರು, ತೆಂಗಿನ ಚಿಪ್ಪುಗಳಲ್ಲಿ ನೀರು ನಿಲ್ಲಿಸಿಕೊಂಡು ಚಿಟ್ಟೆಗಳು ಕಾಪಾಡುತ್ತವೆ ಎಂದು ಕೂರಬೇಡಿ. ಈಡಿಸ್ ಹುಟ್ಟುವುದೇ ಅಂಥ ಪುಟ್ಟ ನೀರಿನಲ್ಲಿ. ಆ ಕೆಲಸ ನಿಮ್ಮದೇ.

ಇನ್ನು ನಾವು ಕೈಯಾರೆ ಏನು ಮಾಡುತ್ತಿದ್ದೇವೆ ಎಂಬುದಕ್ಕೆ ಬರುತ್ತೇನೆ. ಮೊದಲನೆಯದು ಕಳೆನಾಶಕ. ಬದುವಿನ ಹುಲ್ಲನ್ನು ಹಿಂದೆ ಕುಡುಗೋಲಿನಲ್ಲಿ ಕೊಯ್ದು ದನಕ್ಕೆ ಹಾಕುತ್ತಿದ್ದರು. ದನ ಕಡಿಮೆಯಾದವು, ಕೂಲಿ ಹೆಚ್ಚಾಯಿತು, ಗ್ಲೈಫೋಸೇಟ್ ಬಂತು. ಒಂದು ಬೆಳಗಿನಲ್ಲಿ ಕೆರೆಯಂಚಿನವರೆಗೂ ಹೊಡೆದರೆ ವಾರದೊಳಗೆ ಎಲ್ಲ ಒಣಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಹೊಲ ಚೊಕ್ಕಟವಾಯಿತು ಎಂದು ನಮಗೆ ಸಮಾಧಾನ. ಕೊಯ್ದ ಹುಲ್ಲು ಮತ್ತೆ ಚಿಗುರುತ್ತದೆ, ಬುಡವಿರುತ್ತದೆ. ಔಷಧಿ ಬಿದ್ದ ಅಂಚಿನಲ್ಲಿ ಬೇರೂ ಸತ್ತು, ಮೊದಲ ಜೋರು ಮಳೆಗೆ ದಡದ ಮಣ್ಣು ಜರಿದು ಕೆರೆಗೇ ಇಳಿಯುತ್ತದೆ. ಆಮೇಲೆ ಅದೇ ಹೂಳನ್ನು ಎತ್ತಲು ಜೆಸಿಬಿಗೆ ದುಡ್ಡು ಕೊಡುತ್ತೇವೆ. ಕೈಯಲ್ಲಾದಷ್ಟು ಕೊಯ್ಯಿರಿ, ಒಮ್ಮೆಗೆ ಅರ್ಧ ದಡ ಕೊಯ್ದು, ಇನ್ನರ್ಧವನ್ನು ಅದು ಚಿಗುರಿದ ಮೇಲೆ ಕೊಯ್ಯಿರಿ. ಸುಡುವುದಂತೂ ಬೇಡ.

ಎರಡನೆಯದು ಕೀಟನಾಶಕ. ಇಲ್ಲಿ ಜಪಾನಿನ ಕಥೆ ಹೇಳಬೇಕು. ಅಲ್ಲಿ ಭತ್ತದ ಗದ್ದೆಗಳಲ್ಲಿ ಹುಟ್ಟಿ ಶರತ್ಕಾಲದಲ್ಲಿ ಆಕಾಶ ತುಂಬುವ ಕೆಂಪು ಏರೋಪ್ಲೇನ್ ಚಿಟ್ಟೆಯೊಂದಿದೆ, ಅಕಿ-ಅಕಾನೆ ಎಂದು ಅದರ ಹೆಸರು. ಮಕ್ಕಳ ಹಾಡಿನಲ್ಲೂ ಇರುವಷ್ಟು ಜನಕ್ಕೆ ಪ್ರಿಯವಾದದ್ದು. 1990ರ ದಶಕದಿಂದ ಅದು ಹಲವು ಕಡೆ ಕುಸಿಯಿತು. ಸಸಿಮಡಿಯ ಪೆಟ್ಟಿಗೆಗೇ ಇಮಿಡಾಕ್ಲೋಪ್ರಿಡ್, ಫಿಪ್ರೋನಿಲ್‌ನಂಥ ಔಷಧಿ ಹಾಕಿ ನಾಟಿ ಮಾಡುವ ಪದ್ಧತಿ ಆ ಹೊತ್ತಿಗೇ ಹರಡಿತ್ತು. ಸಂಶೋಧಕರು ಅಂಥ ಔಷಧಿ ಹಾಕಿದ ಮಣ್ಣಿನಲ್ಲಿ ಮರಿಗಳನ್ನು ಸಾಕಿ ನೋಡಿದರು. ಫಿಪ್ರೋನಿಲ್ ಇದ್ದ ಕಡೆ ಮರಿ ಉಳಿಯುವುದೇ ಕಷ್ಟವಾಗಿತ್ತು. ಈ ಎರಡೂ ಔಷಧಿ ನಮ್ಮ ಊರಿನ ಅಂಗಡಿಯಲ್ಲೂ ಸಿಗುತ್ತವೆ. ಗಿಡ ಹೀರಿಕೊಳ್ಳುವುದು ಹಾಕಿದ್ದರಲ್ಲಿ ಸಣ್ಣ ಪಾಲು. ಉಳಿದದ್ದು ಮಣ್ಣಿನಲ್ಲಿರುತ್ತದೆ. ಇಮಿಡಾಕ್ಲೋಪ್ರಿಡ್ ನೀರಿನಲ್ಲಿ ಸುಲಭವಾಗಿ ಕರಗುವಂಥದ್ದು, ಇಳಿಜಾರು ಎಲ್ಲಿದೆಯೋ ಅಲ್ಲಿಗೆ ಹೋಗುತ್ತದೆ. ನಮ್ಮಲ್ಲಿ ಇಳಿಜಾರು ಕೆರೆಯ ಕಡೆಗೇ ಇರುತ್ತದೆ, ಕೆರೆ ಕಟ್ಟಿದ್ದೇ ಹಾಗೆ ನೋಡಿಕೊಂಡು.

ಮರಗೆಣಸು ಬೆಳೆಯುವವರು ಈ ಮಾತನ್ನು ಇನ್ನಷ್ಟು ಗಮನವಿಟ್ಟು ಕೇಳಬೇಕು. 2020ರಲ್ಲಿ ಮರಗೆಣಸಿನ ಹಿಟ್ಟು ತಿಗಣೆ ಕೇರಳದಲ್ಲಿ ಕಾಣಿಸಿ ಸೇಲಂ, ಧರ್ಮಪುರಿ, ನಾಮಕ್ಕಲ್ ಕಡೆಗೂ ಬಂತು. ಗಿಡದ ತುದಿ ಮುರುಟಿ ಗೆಡ್ಡೆ ಕೈಗೆ ಹತ್ತದೆ ಹೋದಾಗ ಎಲ್ಲರೂ ಔಷಧಿಯ ಮೇಲೆ ಔಷಧಿ ಹೊಡೆದರು. ಆಗ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯವರು ಆಫ್ರಿಕದ ಬೆನಿನ್ ದೇಶದಿಂದ ಅನಾಗೈರಸ್ ಲೋಪೆಜಿ ಎಂಬ ಪುಟ್ಟ ಕಣಜವನ್ನು ತರಿಸಿ ಸಾಕಿ ಬೆಳೆಸಿದರು. 2022ರ ಮಾರ್ಚ್‌ನಲ್ಲಿ ಸೇಲಂ ಜಿಲ್ಲೆಯ ಏತಾಪುರದಲ್ಲಿರುವ ಮರಗೆಣಸು ಮತ್ತು ಹರಳು ಸಂಶೋಧನಾ ಕೇಂದ್ರದಲ್ಲಿ ಅದನ್ನು ಬಿಟ್ಟರು. ಅದು ತಿಗಣೆಯ ಮೈಯೊಳಗೆ ಮೊಟ್ಟೆ ಇಡುತ್ತದೆ. ಅಷ್ಟು ದೂರದಿಂದ ಕಷ್ಟಪಟ್ಟು ತಂದ ಸಹಾಯಕನನ್ನು ನಾವು ಸಿಂಪಡಿಸುವ ಔಷಧಿ ಕೊಲ್ಲುತ್ತದೆ. ಅದೇ ಔಷಧಿ ಹರಿದು ಕುಂಟೆಗೆ ಇಳಿದು, ಯಾರೂ ತರದೆ ತಾನಾಗಿ ಹುಟ್ಟಿದ ಸಹಾಯಕನನ್ನೂ ಕೊಲ್ಲುತ್ತದೆ. ಹೊಲದಲ್ಲಿ ಹುಳು ಕಂಡ ಕೂಡಲೆ ಪಂಪು ಹೆಗಲಿಗೇರಿಸಬೇಡಿ. ಎಷ್ಟಿದೆ, ಯಾವುದಿದೆ, ಅದನ್ನು ತಿನ್ನುವವರು ಯಾರಿದ್ದಾರೆ ಎಂದು ಒಂದೆರಡು ದಿನ ನೋಡಿ. ಹೊಡೆಯಲೇಬೇಕಾಗಿ ಬಂದರೆ ಗಾಳಿ ಕೆರೆಯ ಕಡೆಗೆ ಬೀಸುವಾಗ ಬೇಡ, ಮಳೆ ಮೋಡ ಕವಿದಾಗ ಬೇಡ. ಪಂಪು ತೊಳೆದ ನೀರನ್ನು, ಡಬ್ಬಿಯನ್ನು ಯಾವ ಕಾರಣಕ್ಕೂ ಕೆರೆಗೆ ಮುಟ್ಟಿಸಬೇಡಿ. ಒಬ್ಬರು ಒಂದು ಸಂಜೆ ಕುಂಟೆಯಲ್ಲಿ ಪಂಪು ಅದ್ದಿ ತೊಳೆದರೆ, ಒಂದು ಮಳೆಗಾಲದ ಮರಿಗಳಷ್ಟೂ ಹೋಗಬಹುದು.

ಔಷಧಿ ಹುಳುವಿನಲ್ಲೇ ನಿಂತುಬಿಡುತ್ತದೆ ಎಂದುಕೊಳ್ಳಬೇಡಿ. ಕಾಸರಗೋಡಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವರ್ಷಗಟ್ಟಲೆ ಎಂಡೋಸಲ್ಫಾನ್ ಸುರಿದಾಗ ನಮ್ಮ ಕನ್ನಡದ ಪತ್ರಕರ್ತ ಶ್ರೀಪಡ್ರೆಯವರು ಬಹಳ ಮುಂಚೆಯೇ ಎಚ್ಚರಿಸಿ ಬರೆದರು. ಕೇಳಿಸಿಕೊಳ್ಳಲು ದೇಶಕ್ಕೆ ದಶಕಗಳೇ ಬೇಕಾದವು. ಸುಪ್ರೀಂ ಕೋರ್ಟು ಅದನ್ನು ತಡೆದದ್ದು 2011ರಲ್ಲಿ. ಅಷ್ಟರಲ್ಲಿ ಎಣ್ಮಕಜೆಯಂಥ ಊರುಗಳಲ್ಲಿ ಮನುಷ್ಯರ ಮಕ್ಕಳೇ ಬೆಲೆ ತೆತ್ತಿದ್ದರು. ನೀರಿನ ಸಣ್ಣ ಜೀವಗಳು ಕಡಿಮೆಯಾಗುತ್ತಿವೆ ಎಂದಾಗಲೇ ಎಚ್ಚೆತ್ತುಕೊಳ್ಳುವುದನ್ನು ನೀವು ಕಲಿಯಬೇಕು.

ಮೂರನೆಯದು ಗೊಬ್ಬರ ಮತ್ತು ಕೊಳೆ. ಯೂರಿಯಾ ಹರಿದ ನೀರು ಹಸಿರು ಪಾಚಿ ಕಟ್ಟುತ್ತದೆ, ಅಂತರಗಂಗೆ ಹಬ್ಬುತ್ತದೆ, ರಾತ್ರಿ ಹೊತ್ತು ನೀರಿನ ಆಮ್ಲಜನಕ ಇಳಿಯುತ್ತದೆ. ಸೇಲಂ, ಆತ್ತೂರು ಸುತ್ತ ಸಬ್ಬಕ್ಕಿ ಕಾರ್ಖಾನೆಗಳಿವೆ. ಮರಗೆಣಸು ಅರೆದ ಹುಳಿನೀರು ಶುದ್ಧವಾಗದೆ ಹಳ್ಳಕ್ಕೋ ಕೆರೆಗೋ ಇಳಿದರೆ ಅದೂ ಆಮ್ಲಜನಕವನ್ನು ನುಂಗುತ್ತದೆ. ಅಂಥ ನೀರಿನಲ್ಲೂ ಏರೋಪ್ಲೇನ್ ಚಿಟ್ಟೆ ಹಾರುತ್ತಿರುತ್ತದೆ, ನೋಡಿ ಮೋಸಹೋಗಬೇಡಿ. ಕಿತ್ತಳೆ ಮೈ, ರೆಕ್ಕೆಯ ಮೇಲೂ ಕಿತ್ತಳೆಯ ಪಟ್ಟಿ ಇರುವ ಬ್ರ್ಯಾಕಿಥೆಮಿಸ್ ಕಂಟಾಮಿನಾಟಾ ಕೊಳೆನೀರನ್ನು ತಡೆದುಕೊಳ್ಳುವ ಗಟ್ಟಿ ಜಾತಿ. ನಿಮ್ಮ ಕೆರೆಯ ಮೇಲೆ ಅದೊಂದೇ ನೂರಾರು ಇದ್ದು ಬೇರೆ ಬಣ್ಣ ಕಾಣದಿದ್ದರೆ, ಸೂಜಿಚಿಟ್ಟೆ ಒಂದೂ ಇಲ್ಲದಿದ್ದರೆ, ನೀರು ಕೆಟ್ಟಿದೆಯೇ ಎಂದು ಮೇಲಿನಿಂದ ಹರಿದು ಬರುವುದನ್ನು ಹುಡುಕಿ ನೋಡಬೇಕು. ಸಂಖ್ಯೆ ಹೆಚ್ಚಿದ್ದರೆ ಸಾಲದು, ಬಗೆ ಹೆಚ್ಚಿರಬೇಕು.

ನಾಲ್ಕನೆಯದು ನೀರಿನ ಪಾತ್ರೆಯನ್ನು ನಾವು ಮಾಡುವ ಬಗೆ. ಧರ್ಮಪುರಿಯಲ್ಲಿ ವರ್ಷಕ್ಕೆ ಸುಮಾರು 850 ಮಿಲಿಮೀಟರ್ ಮಳೆ. ಅದು ನೈಋತ್ಯ ಮುಂಗಾರಿನಲ್ಲಿ ಸ್ವಲ್ಪ, ಈಶಾನ್ಯ ಮಾರುತದಲ್ಲಿ ಸ್ವಲ್ಪ ಎಂದು ಹಂಚಿ ಬರುತ್ತದೆ. ಅದಕ್ಕೇ ಹಿರಿಯರು ಕೆರೆ ಕಟ್ಟಿದರು, ವರ್ಷವರ್ಷ ಊರೇ ಸೇರಿ ಹೂಳೆತ್ತಿತು. ಕುಡಿಮರಾಮತ್ತು ಎಂಬ ಆ ಪದ್ಧತಿಗೆ ಬೆನ್ನಾಗಿ 1858ರಲ್ಲಿ ಮದರಾಸು ಸರಕಾರ ಕಾನೂನನ್ನೂ ಮಾಡಿತ್ತು. ಕೊಳವೆಬಾವಿ ಬಂದ ಮೇಲೆ ಕೆರೆ ಮರೆತೆವು. ಆಳಕ್ಕೆ ಕೊರೆದಂತೆಲ್ಲ ಫ್ಲೋರೈಡ್ ನೀರು ಕುಡಿದು ಹಲ್ಲು, ಮೂಳೆ ಕೆಟ್ಟವು. ಕೊನೆಗೆ ಹೊಗೆನಕಲ್ಲಿನಿಂದ ಕಾವೇರಿ ನೀರು ತರುವ ದೊಡ್ಡ ಯೋಜನೆ ಬೇಕಾಯಿತು, ಅದು ಚಾಲೂ ಆದದ್ದು 2013ರಲ್ಲಿ. 2017ರಲ್ಲಿ ತಮಿಳುನಾಡು ಸರಕಾರ ಕುಡಿಮರಾಮತ್ತನ್ನು ಮತ್ತೆ ಎತ್ತಿಕೊಂಡಿತು. 2022ರಲ್ಲಿ ಬಂದ ಅಮೃತ ಸರೋವರ ಯೋಜನೆ ಜಿಲ್ಲೆಗೆ 75 ಕೆರೆ ಎಂದು ಗುರಿ ಇಟ್ಟಿತು. ಕೆರೆಗೆ ಮತ್ತೆ ಮರ್ಯಾದೆ ಬಂದದ್ದು ನನಗೆ ಸಂತೋಷವೇ. ಆದರೆ ಹೂಳೆತ್ತುವ ಹುಮ್ಮಸ್ಸಿನಲ್ಲಿ ನಾಲ್ಕೂ ದಡವನ್ನು ಗೋಡೆಯ ಹಾಗೆ ಕಡಿದು, ಜೊಂಡನ್ನೆಲ್ಲ ಒಂದೇ ವಾರದಲ್ಲಿ ಕಿತ್ತು, ಸುತ್ತ ಕಲ್ಲು ಹಾಸಿಬಿಟ್ಟರೆ ನೀರು ಉಳಿದೀತು, ನೀರಿನೊಳಗಿನ ಸಂಸಾರ ಉಳಿಯದು.

ಆದ್ದರಿಂದ ಹೂಳೆತ್ತುವಾಗ ಒಂದು ವರ್ಷ ಒಂದು ಭಾಗ, ಮುಂದಿನ ವರ್ಷ ಇನ್ನೊಂದು ಭಾಗ ಎಂದು ಹಂಚಿಕೊಳ್ಳಿ. ನೀರು ತಳ ಕಂಡಿರುವ ಬೇಸಿಗೆಯಲ್ಲೇ ಮಾಡಿ. ಏರಿಯ ಕಡೆ ಕಲ್ಲು ಬೇಕಾದರೆ ಇರಲಿ, ಏರಿ ಗಟ್ಟಿಯಿರಬೇಕು. ಅದರ ಎದುರಿನ, ನೀರು ಹರಿದು ಬರುವ ದಡ ಮಾತ್ರ ನಿಧಾನವಾಗಿ ಇಳಿಜಾರಾಗಿರಲಿ. ಅಲ್ಲಿ ಆಪು, ಜೊಂಡು, ಗರಿಕೆ ಹಬ್ಬಲು ಬಿಡಿ. ಸೀಮೆಜಾಲಿ ಹುಟ್ಟಿದರೆ ಮಾತ್ರ ಸಣ್ಣದಿರುವಾಗಲೇ ಬುಡಸಮೇತ ಕೀಳಿ. ಈ ಮಾತನ್ನು ಟೆಂಡರ್ ಆದ ಮೇಲೆ ಹೇಳಿದರೆ ಪ್ರಯೋಜನವಿಲ್ಲ. ತಮಿಳುನಾಡಿನಲ್ಲಿ ಮಾರ್ಚ್ 22ರ ವಿಶ್ವ ಜಲ ದಿನದಂದೂ ಗ್ರಾಮಸಭೆ ಸೇರುತ್ತದೆ. ಬೇಸಿಗೆಯ ಕೆಲಸ ಶುರುವಾಗುವ ಮುಂಚೆ ಬರುವ ಆ ಸಭೆಗೆ ಹೋಗಿ ಕೂತು, ಎದ್ದು ನಿಂತು ಹೇಳಿ. ಕನ್ನಡದ ಮನೆಯವರೆಂದು ಹಿಂದೆ ಸರಿಯಬೇಡಿ. ನೊಳಂಬರ ಕಾಲದಿಂದಲೂ ಕನ್ನಡ ಶಾಸನಗಳಿರುವ ಧರ್ಮಪುರಿ ಇದು. ಈ ಕೆರೆಗಳ ಹೂಳು ಹೊತ್ತವರಲ್ಲಿ ನಮ್ಮವರೂ ಇದ್ದಾರೆ.

ಕೃಷಿಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿದವರಿಗೂ ಒಂದು ಮಾತು. ನೀರು ಇಂಗದಿರಲು ಹಾಳೆ ಬೇಕು, ಒಪ್ಪಿದೆ. ಆದರೆ ಅದರ ಕಡಿದಾದ ನುಣುಪು ಗೋಡೆಯ ಮೇಲೆ ಮರಿ ಹತ್ತಲು ಹಿಡಿತವೇ ಇರುವುದಿಲ್ಲ. ಬಂಡೆಯ ಬಣ್ಣದ ಬ್ರ್ಯಾಡಿನೊಪೈಗಾದಂಥ ಕೆಲವು ಜಾತಿಗಳು ಸಿಮೆಂಟು ತೊಟ್ಟಿಯಲ್ಲೂ ಬೆಳೆಯುತ್ತವೆ, ಉಳಿದವಕ್ಕೆ ಅದಾಗದು. ಒಂದು ಮೂಲೆಯಲ್ಲಿ ಮಣ್ಣು ತುಂಬಿದ ಗೋಣಿಚೀಲ ಇಳಿಬಿಟ್ಟು ಆಪು ನೆಡಿ, ಒಂದೆರಡು ಒರಟು ಕಟ್ಟಿಗೆ ಓರೆಯಾಗಿ ಇಡಿ. ಕಪ್ಪೆಗೂ ಹಲ್ಲಿಗೂ ಅದೇ ಏಣಿ. ಬಳಸಿದ ಕಪ್ಪು ಹಾಳೆಗಳನ್ನು ಬಯಲಲ್ಲಿ ಹರಡಿ ಬಿಡಬೇಡಿ. ಏರೋಪ್ಲೇನ್ ಚಿಟ್ಟೆ ನೀರನ್ನು ಗುರುತಿಸುವುದು ಅದರ ಮೇಲಿನಿಂದ ಪ್ರತಿಫಲಿಸುವ ಒಂದು ಬಗೆಯ ಬೆಳಕಿನಿಂದ. ಹೊಳೆಯುವ ಕಪ್ಪು ಹಾಸು ಅದೇ ಬೆಳಕನ್ನು ಬೀರುತ್ತದೆ. ಹೆಣ್ಣು ನೀರೆಂದು ನಂಬಿ ಅಲ್ಲಿ ಮೊಟ್ಟೆ ಇಟ್ಟರೆ ಆ ಮೊಟ್ಟೆ ಒಣಗಿ ಹೋಗುತ್ತದೆ.

ಮೀನು ಬಿಡುವವರು ಇಷ್ಟು ಗಮನಿಸಿ. ಹುಲ್ಲುಗೆಂಡೆ ನೀರಿನ ಗಿಡಗಳನ್ನು ಮೇಯ್ದು ಮುಗಿಸುತ್ತದೆ. ತಿಲಾಪಿಯಾ ಮರಿಹುಳುಗಳನ್ನೂ ಬಿಡುವುದಿಲ್ಲ. ಸೊಳ್ಳೆಗೆಂದು ಬಿಡುವ ಗಾಂಬೂಸಿಯಾ ಸೊಳ್ಳೆಯ ಜತೆಗೆ ಸೊಳ್ಳೆ ತಿನ್ನುವವರನ್ನೂ ತಿನ್ನುತ್ತದೆ. ಎರಡು ಹೊಂಡವಿದ್ದರೆ ಒಂದರಲ್ಲಿ ಮೀನು ಸಾಕಿ, ಇನ್ನೊಂದನ್ನು ಹಾಗೇ ಬಿಡಿ. ಬೇಸಿಗೆಯಲ್ಲಿ ಮೋಟರು ಹಾಕಿ ಕೊನೆಯ ಹನಿಯವರೆಗೆ ಎಳೆಯುವುದನ್ನೂ ಬಿಡಿ. ಮೊಣಕಾಲುದ್ದ ನೀರು ನಿಂತಿದ್ದರೆ ಮುಂದಿನ ಮಳೆಗೆ ವಂಶ ಉಳಿಯುತ್ತದೆ.

ಹತ್ತಡಿ ಬಿಟ್ಟರೆ ನಷ್ಟವಾಗುತ್ತದೆ ಎನ್ನುತ್ತೀರಿ. ಲೆಕ್ಕ ಹಾಕೋಣ. ನಿಮ್ಮ ಹೊಲ ಕುಂಟೆಗೆ ತಾಗಿಕೊಂಡಿರುವ ಉದ್ದ ನೂರಡಿ ಎಂದಿಟ್ಟುಕೊಳ್ಳಿ. ಹತ್ತಡಿ ಅಗಲ ಬಿಟ್ಟರೆ 1,000 ಚದರಡಿ. ಎಕರೆಗೆ 43,560 ಚದರಡಿ, ಸೆಂಟಿಗೆ ಸುಮಾರು 436. ನೀವು ಬಿಟ್ಟದ್ದು ಎರಡೂಕಾಲು ಸೆಂಟಿನಷ್ಟು. ಅದೂ ಎಂಥ ನೆಲ? ಮಳೆಗಾಲದಲ್ಲಿ ನೀರು ನಿಂತು ಬೇರು ಕೊಳೆಯುವ, ಟ್ರ್ಯಾಕ್ಟರ್ ತಿರುಗಿಸಲು ಒದ್ದಾಡುವ ನೆಲ. ಅಲ್ಲಿಂದ ಹುಲ್ಲು ಸಿಗುತ್ತದೆ, ದಡ ಜರಿಯುವುದು ನಿಲ್ಲುತ್ತದೆ. ಹಾವಿನ ಭಯವಿದ್ದರೆ ನೀರಿಗೆ ಇಳಿಯುವ ಒಂದು ದಾರಿಯನ್ನು ಅಗಲವಾಗಿ ಸವರಿಟ್ಟುಕೊಳ್ಳಿ. ದನಕ್ಕೂ ಅದೇ ದಾರಿಯಿರಲಿ, ದಡದುದ್ದಕ್ಕೂ ತುಳಿಯದಿರಲಿ.

ಕೆಲಸ ಸರಿಯಾಗಿದೆಯೇ ಎಂದು ತಿಳಿಯುವುದು ಹೇಗೆ? ಹಾರುವ ಚಿಟ್ಟೆ ಎಣಿಸಿದರೆ ಸಾಲದು, ಅದು ಬೇರೆ ಕೆರೆಯಿಂದ ಬಂದಿರಬಹುದು. ಬೆಳಗ್ಗೆ ಹೋಗಿ ಜೊಂಡಿನ ಕಡ್ಡಿಗಳನ್ನು ನೋಡಿ. ಬೆನ್ನು ಸೀಳಿದ, ಒಳಗೇನೂ ಇಲ್ಲದ ಒಣ ಪೊರೆ ಅಂಟಿಕೊಂಡಿದ್ದರೆ, ಒಂದು ಜೀವ ನಿಮ್ಮ ನೀರಿನಲ್ಲೇ ಹುಟ್ಟಿ ಬೆಳೆದು ಹೋಗಿದೆ ಎಂದು ಅರ್ಥ. ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಇಲ್ಲ. ಫೋನಿನಲ್ಲಿ ಪಟ ತೆಗೆದು, ದಿನಾಂಕ ಬರೆದಿಡಿ. ಜಾತಿ ಗುರುತಿಸಲು ಕೆ. ಎ. ಸುಬ್ರಮಣಿಯನ್ ಅವರು ದಕ್ಷಿಣ ಭಾರತದ ಏರೋಪ್ಲೇನ್ ಚಿಟ್ಟೆಗಳ ಬಗ್ಗೆ ಬರೆದ ಕೈಪಿಡಿ ಇದೆ. ಅದಕ್ಕೂ ಹಿಂದೆ, 1933ರಿಂದ 1936ರ ನಡುವೆ, ಫ್ರೇಸರ್ ಎಂಬ ಸೇನಾ ವೈದ್ಯರು ಮೂರು ಸಂಪುಟಗಳಲ್ಲಿ ಇಡೀ ಭಾರತದವನ್ನು ವಿವರಿಸಿದ್ದರು. ನಿಮ್ಮ ಹೊಲದ ಒಂದು ವರ್ಷದ ಪಟ್ಟಿಯೂ ಆ ಸಾಲಿಗೆ ಸೇರುವ ಕೆಲಸವೇ.

ನಮ್ಮ ಪುಟ್ಟ ಕುಂಟೆಯಿಂದ ಜಗತ್ತಿಗೇನು ಎನ್ನಬೇಡಿ. ಮಳೆ ಮುಗಿಯುವ ಹೊತ್ತಿಗೆ ಹೊಲದ ಮೇಲೆ ಗುಂಪುಗುಂಪಾಗಿ ಹಾರುವ ಹಳದಿ ಬಣ್ಣದ ಪ್ಯಾಂಟಾಲಾ ಫ್ಲಾವೆಸೆನ್ಸ್ ಮಳೆನೀರಿನ ಗುಂಡಿಯಲ್ಲಿ ಎರಡು ತಿಂಗಳ ಒಳಗೇ ಮರಿಯಿಂದ ರೆಕ್ಕೆಯವರೆಗೆ ಬೆಳೆಯಬಲ್ಲದು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇವು ಲಕ್ಷಗಟ್ಟಲೆ ಮಾಲ್ಡೀವ್ಸ್ ದ್ವೀಪಗಳನ್ನು ಮುಟ್ಟುವುದನ್ನು ಚಾರ್ಲ್ಸ್ ಆಂಡರ್ಸನ್ ಎಂಬ ವಿಜ್ಞಾನಿ ವರ್ಷಗಟ್ಟಲೆ ನೋಡಿದರು. ಇವು ಭಾರತದಿಂದ ಹೊರಟು, ಹಿಂದೂ ಮಹಾಸಾಗರ ದಾಟಿ ಪೂರ್ವ ಆಫ್ರಿಕಕ್ಕೆ ಹೋಗುತ್ತವೆ ಎಂದು 2009ರಲ್ಲಿ ಬರೆದರು. ಎಲ್ಲ ಜಾತಿಗೂ ಆ ಶಕ್ತಿಯಿಲ್ಲ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ 2021ರಲ್ಲಿ ಜಗತ್ತಿನ 6,016 ಜಾತಿಗಳನ್ನು ಮೊದಲ ಬಾರಿ ಒಟ್ಟಿಗೆ ಪರಿಶೀಲಿಸಿದಾಗ ಶೇಕಡ 16 ಅಳಿವಿನ ಅಂಚಿನತ್ತ ಸಾಗುತ್ತಿದ್ದವು. ಹಾರಿ ಹೋಗಿ ಬದುಕುವವು ಬದುಕುತ್ತವೆ. ಒಂದೇ ದಡದ ಹುಲ್ಲನ್ನು ನಂಬಿದವಕ್ಕೆ ಆ ದಡದ ಒಡೆಯರೇ ದಿಕ್ಕು.

ಕೊನೆಯದಾಗಿ, ಇದನ್ನು ಓದಿ ತಲೆದೂಗಿ ಮರೆಯಬೇಡಿ. ಈ ಬಾರಿ ಊರಿಗೆ ಬಂದಾಗ ಹಗ್ಗ, ನಾಲ್ಕು ಗೂಟ ತೆಗೆದುಕೊಂಡು ಕುಂಟೆಯ ಹತ್ತಿರ ಹೋಗಿ, ಹತ್ತಡಿ ಅಳೆದು ಗುರುತು ಹಾಕಿ. ಟ್ರ್ಯಾಕ್ಟರಿನವರಿಗೆ, ಔಷಧಿ ಹೊಡೆಯಲು ಬರುವವರಿಗೆ, ಗುತ್ತಿಗೆದಾರರಿಗೆ ಆ ಗುರುತನ್ನು ಕೈ ತೋರಿಸಿ ಹೇಳಿ. ಫೋನಿನಲ್ಲಿ ಹೇಳಿದ್ದು ನಿಲ್ಲುವುದಿಲ್ಲ. ಎದುರು ದಡದ ಹೊಲದವರು ಬಿಡಲಿಲ್ಲವೆಂದು ಜಗಳಕ್ಕೆ ಹೋಗಬೇಡಿ, ಅವರು ಬಿಟ್ಟ ಮೇಲೆ ನಾನು ಬಿಡುತ್ತೇನೆ ಎಂದೂ ಕಾಯಬೇಡಿ. ಎರಡು ಮಳೆಗಾಲ ನಿಮ್ಮ ದಡದಲ್ಲಿ ಮಾಡಿ ತೋರಿಸಿ. ಮೂರನೆಯದಕ್ಕೆ ಅವರ ಮನೆಗೆ ಹೋಗಿ, ಅಣ್ಣಾ ಎಂದು ಕರೆದು, ಜೊತೆಯಲ್ಲಿ ಕರೆದುಕೊಂಡು ಬಂದು ನಿಮ್ಮ ದಡ ತೋರಿಸಿ, ಆಮೇಲೆ ಕೇಳಿ.